ಬಣ್ಣದೋರ ಮುಯ್ಯಾಳು

ನಮ್ ಕಡೆ ನಾಟಿಗೆ, ರಾಗಿ ಕುಯ್ಲಿಗೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು, ಈಗ್ಲೂ ಅಲ್ಲೊಂದು ಇಲ್ಲೊಂದು ಕಡೆ ಐತೆ. ಇವತ್ತು ನಮ್ಮನೆಯಿಂದ ಇಬ್ರು ನಿಮ್ಮ ಹೊಲಕ್ಕೆ ಬಂದು ಕುಯ್ದು ಕೊಡ್ತಾರೆ, ನಾಳಿದ್ದು ನಿಮ್ಮನೆಯಿಂದ ಇಬ್ರು ನಮ್ಮ ಹೊಲಕ್ಕೆ ಬರಬೇಕು. ದುಡ್ಡಿನ ಮಾತಿಲ್ಲ, ಚೀಟಿ ಇಲ್ಲ, ಆದ್ರೂ ಲೆಕ್ಕ ಯಾರೂ ಮರೆಯಾಕಿಲ್ಲ. ಮದುವೇಲಿ ಮುಯ್ಯಿ ಬರೆಸ್ದಂಗೇ ಇದೂ. ನಾಟಕದೋರು, ಹಾಡೋರು, ಕುಣಿಯೋರು, ಬಾರಿಸೋರು ಒಬ್ರನ್ನ ಹಿಡ್ಕೊಂಡು ಒಬ್ರು ಹೆಂಗೆ ಕೆಲಸ ಕಂಡ್ಕೊಂಡ್ರು ಅಂತ ಯೋಚ್ನೆ ಮಾಡಿದಾಗೆಲ್ಲ ನಂಗೆ ಈ ಪದಾನೇ ನೆಪ್ಪಾಗೋದು. ಈಗಿನ ಹುಡುಗ್ರು ಇದಕ್ಕೆ ನೆಟ್‌ವರ್ಕಿಂಗ್ ಅಂತಾರೆ. ರಾಮನಗರ, ಚನ್ನಪಟ್ಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಲ್ಲಿ ಅದು ಹೆಸರಿಲ್ದೇನೇ ತಲೆತಲಾಂತರದಿಂದ ನಡ್ಕೊಂಡು ಬಂದೈತೆ. ಆದ್ರೆ ಮುಯ್ಯಾಳಿಗೆ ಒಂದು ಷರತ್ತೈತಲ್ಲ, ಅದು ಹೊಲ ಇದ್ದೋರಿಗೆ ಮಾತ್ರ. ಹೊಲ ಇಲ್ದೋರು ಕೂಲಿಗೇ ಹೋಗ್ಬೇಕು. ಬಣ್ಣ ಹಚ್ಚೋರ ಲೋಕದಲ್ಲೂ ಹಂಗೇ ಆಯ್ತು.

ಮೊದ್ಲು ಕಂಪ್ನಿ ನಾಟಕದ ಕಾಲ. ಮಾಗಡಿಯಿಂದ ಕುಣಿಗಲ್ ದಾಟಿ ಇನ್ನೊಂದಷ್ಟು ದೂರ ಹೋದ್ರೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪ್ನಿಯನ್ನ ನಮ್ಮ ಹಿರೀಕರು ಬರೀ ಗುಬ್ಬಿ ಕಂಪ್ನಿ ಅಂತಿದ್ರು. ವೀರಣ್ಣನೋರು ಸಣ್ಣ ಹುಡುಗ್ನಾಗಿದ್ದಾಗ್ಲೇ ಅದರೊಳಕ್ಕೆ ಸೇರಿ ಆಮೇಲೆ ಅದರ ಯಜಮಾನ್ರೇ ಆದ್ರು. ಕಂಪ್ನಿ ಅಂದ್ರೆ ಈಗಿನ ಆಫೀಸಿನಂಗಲ್ಲ. ಒಂದೇ ಒಲೆ, ಒಂದೇ ಪಂಕ್ತಿ, ಊರಿಂದ ಊರಿಗೆ ಗಂಟುಮೂಟೆ, ಅಲ್ಲೇ ಬಾಣಂತನ, ಅಲ್ಲೇ ಮಕ್ಕಳಿಗೂ ಬಣ್ಣ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನೋರು ಅಲ್ಲಿ ಪಾತ್ರ ಮಾಡ್ತಿದ್ರು, ಮಗ ಮುತ್ತುರಾಜನೂ ಅಪ್ಪನ ಹಿಂದೇನೇ ಬಂದ. ನಂಜನಗೂಡಿನ ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು, ಇವರೂ ಆ ಕಂಪ್ನಿ ಅನ್ನ ಉಂಡೋರೇ. 1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾ ಆದಾಗ ನಿರ್ದೇಶನ ಮಾಡಿದ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನಿಗೆ ರಾಜ್‌ಕುಮಾರ್ ಅಂತ ಹೆಸರಿಟ್ಟು ನಾಯಕನ ಮಾಡಿದ್ರು. ಅಯ್ಯರ್ರೂ ನರಸಿಂಹರಾಜೂ ಅದರಲ್ಲಿದ್ರು. ಹೊರಗಿಂದ ನೋಡಿದೋರಿಗೆ ಅದೃಷ್ಟ ಅನ್ನಿಸ್ತದೆ. ಒಳಗಿಂದ ನೋಡಿದ್ರೆ, ಒಂದೇ ಪಂಕ್ತೀಲಿ ಕೂತು ಉಂಡೋರು ಒಬ್ರಿಗೊಬ್ರು ಗೊತ್ತಿದ್ರು, ಯಾರ ಗಂಟಲು ಹೆಂಗೆ, ಯಾರು ಹೊತ್ತಿಗೆ ಸರಿಯಾಗಿ ಬರ್ತಾರೆ, ಯಾರು ಮಾತು ಮರೀತಾರೆ ಅನ್ನೋದೆಲ್ಲ. ಅರ್ಜಿ ಹಾಕಿ ತಿಳ್ಕೊಳ್ಳೋ ವಿಚಾರ ಅಲ್ಲ ಅದು.

ವೀರಣ್ಣನೋರ ಇನ್ನೊಂದು ಕೆಲಸ ಹೇಳ್ಬೇಕು. ಮನೆ ಬಿಟ್ಟು ಕಂಪ್ನಿ ಸೇರಿದ್ದ ಕರಾವಳಿ ಕಡೆ ಹುಡುಗ ಬಿ.ವಿ. ಕಾರಂತರನ್ನ ಓದಕ್ಕೆ ಅಂತ ಕಾಶಿಗೆ ಕಳಿಸಿದ್ದು ಅವರೇ. ಆ ಹುಡುಗ ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದ್ರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ್ರು. ಕಂಪ್ನಿ ಯಜಮಾನ ಒಬ್ಬರು ಮನಸ್ಸು ಮಾಡಿದ್ರೆ ಎಲ್ಲಿಗೆಲ್ಲ ದಾರಿ ಬೀಳ್ತಿತ್ತು ನೋಡಿ. ಮನಸ್ಸು ಮಾಡ್ದೇ ಹೋದ್ರೆ ದಾರೀನೇ ಇಲ್ಲ, ಅದೂ ಅಷ್ಟೇ ನಿಜ.

ಅದಕ್ಕೇ ನಂಗೆ ಮುಯ್ಯಾಳಿನ ಲೆಕ್ಕದಲ್ಲಿ ಹೆಚ್ಚು ಇಷ್ಟ ಆಗೋದು 1950ರ ದಶಕದ ಕೊನೆಗೆ ನಡೆದದ್ದು. ಆಗ ಕನ್ನಡ ಸಿನಿಮಾ ಆಗ್ತಿದ್ದುದೇ ಬೆರಳೆಣಿಕೆ, ಅದೂ ಮದ್ರಾಸಲ್ಲಿ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರ್ಕೊಂಡು ಕನ್ನಡ ಚಲನಚಿತ್ರ ಕಲಾವಿದರ ಸಂಘ ಅಂತ ಮಾಡ್ಕೊಂಡು, ತಿರುಗ ಊರೂರಿಗೆ ನಾಟಕ ಆಡ್ಕೊಂಡು ಹೋದ್ರು. ಕಡೆಗೆ 1960ರಲ್ಲಿ ‘ರಣಧೀರ ಕಂಠೀರವ’ ಸಿನಿಮಾನ ತಾವೇ ತೆಗೆದ್ರು, ಅದು ಚೆನ್ನಾಗಿ ಓಡ್ತು. ಯಾರೋ ಕರೀಲಿ ಅಂತ ಕಾಯ್ದೆ, ನಾಲ್ಕು ಜನ ಒಬ್ರ ಹೊಲದಲ್ಲಿ ಒಬ್ರು ದುಡಿದದ್ದು ಅದು.

ಇನ್ನು ನಮ್ಮೂರುಗಳ ವಿಚಾರ. ಇಲ್ಲಿ ಕಂಪ್ನಿ ಇರಲಿಲ್ಲ, ಇದ್ದದ್ದು ಕಂಪ್ನಿಯ ಹುಚ್ಚು. 1930ರ ದಶಕದಲ್ಲಿ ಗುಬ್ಬಿ ಕಂಪ್ನಿಯೋರು ಬಯಲಲ್ಲಿ ಆನೆ, ಕುದುರೆ ಎಲ್ಲ ತಂದು ‘ಕುರುಕ್ಷೇತ್ರ’ ಆಡಿದ್ರು. ಕುರುಕ್ಷೇತ್ರದ ಗೀಳು ಹಳೇ ಮೈಸೂರಿನ ಹಳ್ಳಿಗಳನ್ನ ಇವತ್ತಿಗೂ ಬಿಟ್ಟಿಲ್ಲ. ಸುಗ್ಗಿ ಮುಗೀತು, ಕಣ ಖಾಲಿ ಆಯ್ತು ಅಂದ್ರೆ ಊರಿನ ಗಂಡಸರಿಗೆಲ್ಲ ಮೀಸೆ ತಿರುವೋ ಆಸೆ ಶುರು. ಆಗ ಬರೋರು ಡ್ರಾಮಾ ಮೇಷ್ಟ್ರು, ಒಂದು ಹಾರ್ಮೋನಿಯಂ ಪೆಟ್ಟಿಗೆ ಹೊತ್ಕೊಂಡು. ದೇವಸ್ಥಾನದ ಪಡಸಾಲೇಲೋ ಯಾರದಾದ್ರೂ ಹಟ್ಟೀಲೋ ತಾಲೀಮು. ಪಾತ್ರ ಹಂಚಿಕೆ ಹೆಂಗೆ ಅಂದ್ರೆ, ಯಾರು ಎಷ್ಟು ಹಾಕ್ತಾರೋ ಅದರ ಮೇಲೆ. ದುರ್ಯೋಧನ, ಕೃಷ್ಣ, ಭೀಮ ಅಂದ್ರೆ ಜಾಸ್ತಿ ದುಡ್ಡು, ದೂತನಿಗೆ ಕಮ್ಮಿ. ಕೃಷ್ಣ ಆಗ್ಬೇಕು ಅನ್ನೋರು ಇಬ್ರು ಮೂವರು ಇದ್ರೆ ರಾತ್ರೀನೇ ಪಾಲು ಮಾಡೋರು. ಮೊದಲ್ನೇ ಕೃಷ್ಣ, ಎರಡ್ನೇ ಕೃಷ್ಣ. ಆಸ್ತಿ ಪಾಲಾದಂಗೆ ದೇವರೂ ಪಾಲು, ಅಂತ ನಮ್ಮತ್ತೆ ನಗೋರು.

ಮೇಷ್ಟ್ರಿಗೆ ಊಟ ಪಾತ್ರಧಾರಿಗಳ ಮನೇಲಿ ಸರದಿ ಮೇಲೆ. ಈ ಊಟದ ಸರದಿಯೇ ನಿಜವಾದ ಉದ್ಯೋಗ ಕಚೇರಿ ಅನ್ನೋದು ನನ್ನ ಅಭಿಪ್ರಾಯ. ಮೇಷ್ಟ್ರು ಮುದ್ದೆ ಮುರ್ಕೊಂಡು ಸೊಪ್ಪಿನ ಸಾರಲ್ಲಿ ಅದ್ದುತ್ತಾ ಕೂತ್ರೆ, ನಾಲ್ಕು ತಾಲ್ಲೂಕಿನ ಸುದ್ದಿ ಅಲ್ಲೇ ಬಿಚ್ಚೋದು. ಕನಕಪುರದ ಕಡೆ ಯಾವೂರಲ್ಲಿ ನಾಟಕ ಕಟ್ತಾವ್ರೆ, ಯಾವ ತಬಲದೋನು ಕೈ ಕೊಟ್ಟ, ಮಾಗಡಿ ತೇರಿನ ಹೊತ್ತಿಗೆ ಎಲ್ಲಿ ಸೀನರಿ ಖಾಲಿ ಐತೆ, ಎಲ್ಲಾನೂ. ನಮ್ಮತ್ತೆ ಸಾರು ಬಡಿಸ್ತಾ ಬಡಿಸ್ತಾ, ‘ಅಣ್ಣೋ, ನಮ್ಮ ತೌರೂರಲ್ಲಿ ಒಬ್ಬ ಹುಡ್ಗ ಅವ್ನೆ ಕಣಣ್ಣ, ಗಂಟ್ಲು ಕಂಚಿನಂಗೈತೆ, ವಸಿ ನೋಡು’ ಅಂದ್ರು ಅನ್ಕೊಳ್ಳಿ, ಮುಂದಿನ ವರ್ಷ ಆ ಹುಡುಗ ಇನ್ನೊಂದೂರಲ್ಲಿ ಕರ್ಣನಾಗೋನು. ಒಂದೇ ಒಂದು ದಿನ ರಂಗದ ಮೇಲೆ ಕಾಲಿಡದ ಹೆಂಗಸ್ರು, ಅಡುಗೆ ಮನೆ ಬಾಗಿಲಲ್ಲಿ ನಿಂತ್ಕೊಂಡೇ ಎಷ್ಟೋ ಜನರನ್ನ ರಂಗಕ್ಕೆ ಹತ್ತಿಸವ್ರೆ. ಅದನ್ನ ಯಾರೂ ಬರ್ದಿಲ್ಲ.

ತಬಲದೋನು ಕೈ ಕೊಟ್ರೆ ಪಕ್ಕದೂರ ತಂಡದ ತಬಲದೋನು ಬಂದು ನುಡಿಸಿ ಹೋಗೋನು, ಕಾಸು ಕೇಳ್ತಿರಲಿಲ್ಲ. ಅವರೂರಿನ ನಾಟಕಕ್ಕೆ ಇವರು ಹೋಗೋರು. ರಂಗದ ಮೇಲೆ ದುರ್ಯೋಧನ ಕಂದ ಎತ್ತಿದ್ದಂಗೇ ಅವನ ಭಾವಮೈದ ಹೂವಿನ ಹಾರ, ಉಂಗ್ರ ತಗೊಂಡು ಹತ್ತಿ ಬಿಡೋನು, ಭೀಮ ಗದೆ ಹಿಡ್ಕೊಂಡು ಹಂಗೇ ಕಾಯ್ಕೊಂಡು ನಿಂತಿರೋನು. ಆ ಉಂಗ್ರಾನೂ ಮುಯ್ಯೀನೇ, ಮುಂದಿನ ವರ್ಷ ಭಾವಮೈದನ ಊರಲ್ಲಿ ವಾಪಸ್ ಹೋಗ್ಬೇಕು. ಆಸೆ ಇನ್ನೂ ಬೆಳೆದೋರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಒಂದ್ಸಲ ಆಡ್ಬೇಕು ಅಂತ ಬಸ್ ಮಾಡ್ಕೊಂಡು ಹೋಗೋರು. 1963ರಲ್ಲಿ ಶುರುವಾದ ಆ ರಂಗಮಂದಿರದಲ್ಲಿ ಇವತ್ತಿಗೂ ನಮ್ ಕಡೆಯೋರ ಪೌರಾಣಿಕ ನಾಟಕ ನಡೀತಾನೇ ಅವೆ.

ಇದೆಲ್ಲ ಖುಷಿಯಿಂದ ಬರೆಯೋ ವಿಚಾರ. ಖುಷಿಯಿಲ್ಲದ್ದು ಒಂದೈತೆ. ಆ ರಾತ್ರಿ ಇಡೀ ಊರಲ್ಲಿ ಕಸುಬಾಗಿ ನಾಟಕ ಆಡೋರು ಯಾರು? ಕೃಷ್ಣನಲ್ಲ, ಅವನು ರೇಷ್ಮೆ ಸಾಕೋನು. ದುರ್ಯೋಧನನಲ್ಲ, ಅವನದು ಟ್ರ್ಯಾಕ್ಟರ್ರು. ಕಸುಬಿನೋರು ಅಂದ್ರೆ ಮೇಷ್ಟ್ರು, ವಾದ್ಯದೋರು, ಸೀನರಿಯೋರು, ಮತ್ತೆ ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ ಮಾಡಕ್ಕೆ ಬರೋ ಹೆಂಗಸ್ರು. ಅವರು ಬರೋದು ನಾಟಕದ ದಿನ ಸಂಜೆ, ಬಸ್ಸಿಳ್ಕೊಂಡು, ಕೈಲೊಂದು ಸೂಟ್‌ಕೇಸು. ತಾಲೀಮಿಗೆ ಒಂದು ದಿನ ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಮೂರು ತಿಂಗಳು ತಾಲೀಮು ಮಾಡಿದ ಎರಡ್ನೇ ಕೃಷ್ಣ ಮಾತು ಮರೆತು ನಿಂತ್ರೆ, ದ್ರೌಪದಿ ಅವನ ಮಾತನ್ನೇ ಪ್ರಶ್ನೆ ಮಾಡ್ಕೊಂಡು ‘ಅಣ್ಣಾ, ನೀನು ಹೇಳಲು ಬಂದದ್ದು ಇದೇ ಅಲ್ಲವೇ’ ಅಂತ ಎತ್ತಿ ಕೊಡ್ತಾಳೆ. ಎಲ್ಲರ ಮಾತೂ ಆಯಮ್ಮನ ಬಾಯಲ್ಲಿ ಐತೆ. ಬೆಳಗಿನ ಜಾವಕ್ಕೆ ಕೂಲಿ ಎಣಿಸ್ಕೊಂಡು, ಮೊದಲ್ನೇ ಬಸ್ಸಿಗೆ ಹೋಗ್ಬೇಕು, ಯಾಕಂದ್ರೆ ರಾತ್ರಿಗೆ ಇನ್ನೊಂದೂರು.

ಆಯಮ್ಮಂಗೆ ಆ ಇನ್ನೊಂದೂರು ಸಿಗೋದು ಮೇಷ್ಟ್ರ ಬಾಯಿಂದ ಇಲ್ಲಾ ಸೀನರಿಯೋರ ಬಾಯಿಂದ. ಅವರ ಕೂಡ ಮಾತು ಕೆಟ್ರೆ ಆ ಸುಗ್ಗಿ ಹೋಯ್ತು ಅಂತಲೇ. ಊರ ಗಂಡಸ್ರು ತಮ್ಮತಮ್ಮೊಳಗೆ ಮುಯ್ಯಾಳು ಮಾಡ್ಕೊಳ್ತಾರೆ. ಆಯಮ್ಮಂಗೆ ವಾಪಸ್ ಕೊಡಕ್ಕೆ ಊರಿಲ್ಲ, ಹಟ್ಟಿಯಿಲ್ಲ, ಹಾರ ತರೋ ಭಾವಮೈದ ಇಲ್ಲ. ಆಯಮ್ಮನ ಊಟಾನೂ ಮೇಷ್ಟ್ರ ಊಟದಂಗೆ ಒಳಮನೇಲಿ ಆಗ್ತಿರಲಿಲ್ಲ, ಪರದೆ ಹಿಂದಕ್ಕೇ ತಟ್ಟೆ ಹೋಗೋದು. ಯಾಕೆ ಹಂಗೆ ಅಂತ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕೇಳಿದ್ದಕ್ಕೆ, ‘ಅದು ಹಂಗೇಯ’ ಅಂದಿದ್ರು ನಮ್ಮತ್ತೆ.

ಇದೇ ನೆಲದಿಂದ ಹೋಗಿ ಗೆದ್ದ ಹೆಣ್ಣುಮಗಳ ಕತೆ ಹೇಳ್ದೇ ಇರಕ್ಕಾಗುತ್ತಾ? ಚನ್ನಪಟ್ಣ ತಾಲ್ಲೂಕು ದಶವಾರದ ಮನೆತನದ ಬಿ. ಸರೋಜಾದೇವಿ. ಹುಟ್ಟಿದ್ದು 1938ರಲ್ಲಿ. ಅಪ್ಪ ಭೈರಪ್ಪನೋರು ಪೊಲೀಸ್ ಇಲಾಖೆ, ಅಮ್ಮ ರುದ್ರಮ್ಮ. ಅವರನ್ನ ಸಿನಿಮಾಕ್ಕೆ ತಂದೋರು ಹೊನ್ನಪ್ಪ ಭಾಗವತರು, 1955ರ ‘ಮಹಾಕವಿ ಕಾಳಿದಾಸ’ಕ್ಕೆ. ಭಾಗವತರೂ ದೂರದೋರಲ್ಲ, ನಮ್ಮ ಮಾಗಡಿ ಪಕ್ಕದ ನೆಲಮಂಗಲ ತಾಲ್ಲೂಕಿನ ಚೌಡಸಂದ್ರದೋರು, ನಾಟಕ ಕಂಪ್ನಿಗಳಲ್ಲಿ ಬೆಳೆದು ಸ್ವಂತ ಮಂಡಳಿ ಕಟ್ಟಿದೋರು. ಮೂರು ವರ್ಷಕ್ಕೆ, 1958ರಲ್ಲಿ ಸರೋಜಾದೇವಿ ಎಂ.ಜಿ.ಆರ್. ಜೊತೆ ‘ನಾಡೋಡಿ ಮನ್ನನ್’ ಮಾಡ್ತಿದ್ರು, 1961ಕ್ಕೆ ‘ಕಿತ್ತೂರು ಚೆನ್ನಮ್ಮ’. ನಾಲ್ಕು ಭಾಷೇಲಿ ಹೆಸರು. ಎಲ್ಲರೂ ಭಾಗವತರ ಹೆಸರು ಹೇಳ್ತಾರೆ, ಹೇಳಬೇಕಾದ್ದೇ. ನಂಗೆ ಮಾತ್ರ ರುದ್ರಮ್ಮನೋರ ಮೇಲೆ ಕಣ್ಣು. ಮಗಳು ತೋಳಿಲ್ಲದ ರವಿಕೆ ಹಾಕ್ಬಾರ್ದು, ಈಜುಡುಗೆ ಹಾಕ್ಬಾರ್ದು ಅಂತ ಕಟ್ಟುನಿಟ್ಟು ಮಾಡಿದ್ದು ಅವರೇ ಅಂತ ಸರೋಜಾದೇವಿಯವರೇ ಹೇಳ್ಕೊಂಡಿದ್ರು. ಬೇರೆ ಕಾಲದ ಮಾತು ಅದು, ಇವತ್ತಿನ ಹುಡುಗೀರಿಗೆ ನಾನು ಅದನ್ನ ಹೇಳಲ್ಲ. ಆದ್ರೆ ಅಪ್ಪನ ಒಪ್ಪಿಗೆ, ಅಮ್ಮನ ಕಾವಲು, ಮನೆಯ ಮಾನ, ಇಷ್ಟೂ ಬೆನ್ನಿಗಿದ್ದ ಹೆಣ್ಣುಮಗಳಿಗೆ ಭಾಗವತರ ಒಂದು ಮಾತು ಸಾಕಾಯ್ತು. ಸೂಟ್‌ಕೇಸ್ ಹಿಡ್ಕೊಂಡು ಬಸ್ಸಿಳಿಯೋ ದ್ರೌಪದಿಗೆ ಆ ಬೆನ್ನು ಎಲ್ಲಿತ್ತು? 2025ರ ಜುಲೈನಲ್ಲಿ ಸರೋಜಾದೇವಿಯವರು ತೀರ್ಕೊಂಡಾಗ ದಶವಾರಕ್ಕೇ ತಂದು ಮಣ್ಣು ಮಾಡಿದ್ರು, ಅವರಮ್ಮನ ಸಮಾಧಿ ಪಕ್ಕದಲ್ಲಿ.

ಸಿನಿಮಾ ಅಂದಾಗ ‘ಶೋಲೆ’ ನೆನಪು ಮಾಡ್ದೇ ರಾಮನಗರದೋರು ಬಿಡಲ್ಲ. 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ರಾಮ್‌ಗಢ ಅಂತ ಒಂದು ಊರನ್ನೇ ಕಟ್ಟಿ ಶೂಟಿಂಗ್ ಶುರು ಮಾಡಿದ್ರು, 1975ರ ಆಗಸ್ಟ್ 15ಕ್ಕೆ ಸಿನಿಮಾ ಬಂತು. ಆಮೇಲೆ ಡೇವಿಡ್ ಲೀನ್ ಅನ್ನೋ ಇಂಗ್ಲಿಷ್ ನಿರ್ದೇಶಕರು ಮಾಗಡಿಯ ಸಾವನದುರ್ಗಕ್ಕೆ ಬಂದು ‘ಎ ಪ್ಯಾಸೇಜ್ ಟು ಇಂಡಿಯಾ’ ತೆಗೆದ್ರು, ಅದು 1984ರದ್ದು. ನಮ್ ಜನ ಗುಂಪಲ್ಲಿ ನಿಂತ್ರು, ಸಾಮಾನು ಹೊತ್ರು, ದಿನಗೂಲಿ ಈಸ್ಕೊಂಡ್ರು. ಸೆಟ್ ಬಿಚ್ಕೊಂಡು ಹೋದ್ಮೇಲೆ ಬಂಡೆ ಉಳೀತು, ಕತೆ ಉಳೀತು. ಮುಂಬೈಯಲ್ಲಿ ನಮ್ಮ ಪರವಾಗಿ ಒಂದು ಮಾತು ಹೇಳೋರು ಯಾರೂ ಇರಲಿಲ್ಲ ನೋಡಿ.

ಇನ್ನು ತಮಟೆ, ಪೂಜಾ ಕುಣಿತ, ಪಟದ ಕುಣಿತ, ಸೋಮನ ಕುಣಿತದ ಕಡೆ ಬರೋಣ. ಇವಕ್ಕೆ ಮೇಷ್ಟ್ರೂ ಇಲ್ಲ, ಕಂಪ್ನೀನೂ ಇಲ್ಲ. ತಮಟೆ ಬಡಿಯೋದು ದಲಿತ ಕೇರಿಯವರ ಪಾಲಿಗೆ ಬಂದ ಚಾಕರಿ. ಹಬ್ಬಕ್ಕೆ ಬಾ ಅಂದ್ರೆ ಬರಬೇಕು, ಕಣದಲ್ಲಿ ಕೊಟ್ಟಷ್ಟು ರಾಗಿ ತಗೊಬೇಕು. ಬರಲ್ಲ ಅನ್ನೋ ಹಂಗಿಲ್ಲ, ಬೇರೆ ಊರಲ್ಲಿ ಜಾಸ್ತಿ ಕೊಡ್ತಾರೆ ಅಂತ ಹೋಗೋ ಹಂಗೂ ಇಲ್ಲ. ಎಷ್ಟು ಚೆನ್ನಾಗಿ ಬಾರಿಸಿದ್ರೂ ಹೆಸರು ಊರ ಗಡಿ ದಾಟ್ತಿರಲಿಲ್ಲ. ಸೋಬಾನೆ ಹಾಡೋ ಹೆಂಗಸ್ರದ್ದು ಇನ್ನೊಂದು ತರ. ಎಲೆ ಅಡಿಕೆ, ಒಂದು ರವಿಕೆ ಕಣ, ಮುಗೀತು. ಅವರ ಹಾಡು ಮಾತ್ರ ಮದುವೆಯಾದ ಹುಡುಗೀರ ಜೊತೆ ತೌರಿಂದ ಗಂಡನ ಮನೆಗೆ, ಕನಕಪುರದಿಂದ ಮಾಗಡಿಗೆ ಹೋಗೋದು. ಹಾಡು ಊರು ದಾಟ್ತು, ಹಾಡಿದೋರ ಹೆಸರು ದಾಟಲಿಲ್ಲ.

ಇಲ್ಲಿ ಎಚ್.ಎಲ್. ನಾಗೇಗೌಡರು ಮಾಡಿದ್ದು ದೊಡ್ಡ ಕೆಲಸ. ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯವರು, 1915ರಲ್ಲಿ ಹುಟ್ಟಿದೋರು, ಐ.ಎ.ಎಸ್. ಅಧಿಕಾರಿ. ಅಧಿಕಾರಿ ಬಂದ ಅಂದ್ರೆ ಕಂದಾಯಕ್ಕೆ ಅಂತ ಹೆದರೋ ಕಾಲದಲ್ಲಿ ಇವರು ಹಳ್ಳಿಗೆ ಹೋಗಿ ಕೂತು ಪದ ಹಾಡಿಸ್ಕೊಂಡ್ರು, ಬರ್ಕೊಂಡ್ರು, ಟೇಪು ಮಾಡಿದ್ರು. ಅವರ ‘ಸೋಬಾನೆ ಚಿಕ್ಕಮ್ಮನ ಪದಗಳು’ ಅನ್ನೋ ಪುಸ್ತಕದ ಹೆಸರೇ ನೋಡಿ, ಹಾಡಿದಾಕೆ ಹೆಸರು ರಟ್ಟಿನ ಮೇಲೇ ಐತೆ. ಸಂಗ್ರಹ ಮಾಡಿದೋರ ಹೆಸರಷ್ಟೇ ಉಳಿಯೋ ಪುಸ್ತಕಗಳ ನಡುವೆ ಅದು ಸಣ್ಣ ವಿಚಾರ ಅಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದ್ರು, 1994ರಲ್ಲಿ ರಾಮನಗರದ ಹತ್ರ ಬೆಂಗಳೂರು-ಮೈಸೂರು ರಸ್ತೆ ಪಕ್ಕದ ಹದಿನೈದು ಎಕರೇಲಿ ಜಾನಪದ ಲೋಕ ತೆರೀತು. 2005ರಲ್ಲಿ ತೀರ್ಕೊಳ್ಳೋ ತನಕ ಅದೇ ಅವರ ಮನೆ ಆಗಿತ್ತು ಅಂದ್ರೂ ತಪ್ಪಿಲ್ಲ.

ಜಾನಪದ ಲೋಕಕ್ಕೆ ಹೋದೋರು ಲೋಕಮಾತಾ ಮಂದಿರದಲ್ಲಿ ನಮ್ಮಜ್ಜಿ ಕಾಲದ ಬೀಸೋ ಕಲ್ಲು, ಮೊರ, ವಾಡೆ ನೋಡಿ ಫೋಟೊ ತೆಗೆಸ್ಕೊಂಡು ಬರ್ತಾರೆ. ನಂಗೆ ಅದಕ್ಕಿಂತ ಅಲ್ಲಿನ ಬಯಲು ರಂಗಮಂದಿರ ಮುಖ್ಯ. ಲೋಕೋತ್ಸವದಲ್ಲಿ ಬೇರೆ ಬೇರೆ ಜಿಲ್ಲೆಯ ತಂಡದೋರು ಬಂದು ಒಂದೇ ಜಾಗದಲ್ಲಿ ಇಳ್ಕೊಳ್ತಾರೆ, ಒಂದೇ ಪಂಕ್ತೀಲಿ ಊಟ. ಗುಬ್ಬಿ ಕಂಪ್ನಿಯ ಆ ಪಂಕ್ತಿ ಜಾನಪದದೋರಿಗೆ ಸಿಕ್ಕಿದ್ದು ಇಲ್ಲೇ ಅಂತ ನಾನು ಅನ್ಕೊಳ್ಳೋದು. ನಮ್ಮ ಪೂಜಾ ಕುಣಿತದೋನು ಉತ್ತರ ಕರ್ನಾಟಕದ ಡೊಳ್ಳಿನೋನ ಪಕ್ಕ ಕೂತು ಉಂಡು, ನಿಮ್ ಕಡೆ ಎಷ್ಟು ಕೊಡ್ತಾರಣ್ಣ ಅಂತ ಕೇಳ್ತಾನೆ. ಊರಲ್ಲಿ ಚಾಕರಿ ಅಂತ ಅನ್ನಿಸ್ಕೊಂಡಿದ್ದಕ್ಕೆ ಹೊರಗೆ ರೇಟು ಐತೆ ಅಂತ ಗೊತ್ತಾಗೋದೇ ಆ ಊಟದ ಹೊತ್ತಲ್ಲಿ. ಆಮೇಲೆ ಮೈಸೂರು ದಸರಾ ಮೆರವಣಿಗೆ, ಅಲ್ಲಿಂದ ದಿಲ್ಲಿ ತನಕ ಹೋದೋರೂ ಅವ್ರೆ. ಹಾಡೋರಲ್ಲೂ ಅಷ್ಟೇ. ಬಿಡದಿ ಪಕ್ಕದ ಬಾನಂದೂರು ಕೆಂಪಯ್ಯನೋರು ಪೊಲೀಸ್ ಅಧಿಕಾರಿಯಾಗಿದ್ಕೊಂಡೇ ಜನಪದ ಹಾಡಿ ಹೆಸರಾದ್ರು. ಚನ್ನಪಟ್ಣದ ಅಪ್ಪಗೆರೆ ತಿಮ್ಮರಾಜು ಅವರೂ ಊರ ಹೆಸರನ್ನ ತಮ್ಮ ಹೆಸರಿಗೆ ಸೇರಿಸ್ಕೊಂಡೇ ಹಾಡಿದ್ರು. ಹೆಸರಿನ ಹಿಂದೆ ಊರು ಇಟ್ಕೊಂಡು ಹೊರಗೆ ಹೋಗೋದು, ಕೆಳಗೆ ನಿಂತಿರೋರಿಗೆ ಒಂದು ಏಣಿ.

ಎಲ್ಲಾ ಸರಿಹೋಯ್ತು ಅಂತಲ್ಲ. ಈಗ ಇಲಾಖೆಯ ಕಾರ್ಯಕ್ರಮ ಸಿಗಬೇಕಾದ್ರೆ ತಂಡ ಬೇಕು, ತಂಡಕ್ಕೆ ಒಬ್ಬ ಮುಖಂಡ, ಮುಖಂಡನ ಕೈಲಿ ಫೋನು. ಕರೆ ಬರೋದು ಆ ಫೋನಿಗೇ. ಹಿಂದೆ ಮೇಷ್ಟ್ರ ಬಾಯಲ್ಲಿದ್ದದ್ದು ಈಗ ಮುಖಂಡನ ಮೊಬೈಲಲ್ಲಿ ಐತೆ, ಅಷ್ಟೇ ವ್ಯತ್ಯಾಸ. ಒಳ್ಳೆ ಮುಖಂಡ ಇದ್ರೆ ಹಂಚ್ಕೊಂಡು ತಿಂತಾರೆ. ಇಲ್ದಿದ್ರೆ ತಮಟೆ ಬಡಿದ ಕೈಗೆ ಬಸ್‌ಚಾರ್ಜು ಕಳೆದು ಏನು ಉಳೀತದೋ ಅದು. ಇದನ್ನ ವಶೀಲಿ ಅಂತ ಬೈಯೋದು ಸುಲಭ. ವಶೀಲಿ ಬೇರೆ, ಗುರ್ತು ಬೇರೆ ಅಂತೀನಿ ನಾನು. ಕೈಲಾಗ್ದೋನನ್ನ ಮುಂದಕ್ಕೆ ತಳ್ಳೋದು ವಶೀಲಿ. ಕೈಲಾಗೋನು ಇಲ್ಲವ್ನೆ ಅಂತ ಇನ್ನೊಬ್ರಿಗೆ ಹೇಳೋದು ಗುರ್ತು. ತೊಂದ್ರೆ ಇರೋದು ಗುರ್ತೆಲ್ಲ ಒಬ್ಬನ ಹತ್ರಾನೇ ಗುಡ್ಡೆ ಬಿದ್ದಾಗ.

ಇನ್ನೊಂದು ತೊಂದ್ರೆ ಕಾಗದದ್ದು. ವಯಸ್ಸಾದ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡ್ತದೆ. ಅದಕ್ಕೆ ಅರ್ಜಿ ಹಾಕೋರು ಇಷ್ಟು ವರ್ಷ ಕಲೆ ಮಾಡ್ಕೊಂಡು ಬಂದಿದೀನಿ ಅಂತ ದಾಖಲೆ ತೋರಿಸ್ಬೇಕು. ಫೋಟೊ, ಪ್ರಶಸ್ತಿಪತ್ರ, ಹ್ಯಾಂಡ್‌ಬಿಲ್ಲು. ನಮ್ಮ ಜಿಲ್ಲೆಯದ್ದೇ ಒಂದು ಪಜೀತಿ. ಒಂದು ಕಾಲಕ್ಕೆ ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಕೂತ ಜಾಗದಲ್ಲೇ ಮೂರು ಸಲ ಜಿಲ್ಲೆ ಬದಲಾಗೈತೆ, ಹಳೇ ಕಾಗದದ ವಿಳಾಸಕ್ಕೂ ಈಗಿನದ್ದಕ್ಕೂ ತಾಳೆ ಇಲ್ಲ.

ನಮ್ಮತ್ತೆಗೆ ಹ್ಯಾಂಡ್‌ಬಿಲ್ಲು ಎತ್ತಿಡೋ ಅಭ್ಯಾಸ ಇತ್ತು. ಹಬ್ಬದ ಪಾತ್ರೆ ಇಡೋ ಟ್ರಂಕಿನ ತಳಕ್ಕೆ ಹಾಸೋರು. ಹಳದಿ, ಗುಲಾಬಿ, ತಿಳಿ ಹಸಿರು ಕಾಗದ. ಹೋದ ವರ್ಷ ಆಷಾಢದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಮನೆ ಹುಡ್ಕೊಂಡು ಬಂದ್ರು. ನಮ್ಮೂರಲ್ಲಿ ನಾಲ್ಕೋ ಐದೋ ಸಲ ದ್ರೌಪದಿ ಮಾಡಿದೋರು, ಸುತ್ತಮುತ್ತ ಲೆಕ್ಕ ಇಲ್ಲದಷ್ಟು ಸಲ. ಮಾಸಾಶನಕ್ಕೆ ಹಾಕ್ಬೇಕು ಕಣವ್ವ, ನನ್ ಹೆಸರಿರೋದು ಏನಾರ ಸಿಕ್ತದಾ ಅಂದ್ರು. ಒಳಕ್ಕೆ ಕರೆದು ಕೂರಿಸಿ ಇಬ್ರೂ ಟ್ರಂಕ್ ಬಗ್ಗಿಸಿದ್ವು. ಮೂವತ್ತಕ್ಕೂ ಮೇಲೆ ಹ್ಯಾಂಡ್‌ಬಿಲ್ಲು ಇದ್ವು. ದೂತನ ಹೆಸರು, ಅವನ ತಂದೆ ಹೆಸರು, ಹಾರ ಕೊಡ್ಸಿದೋರ ಹೆಸರು, ಸೀನರಿ ಹೆಸರು, ಎಲ್ಲಾ ಅಚ್ಚಾಗಿತ್ತು. ಹೆಂಗಸ್ರ ಪಾತ್ರದ ಮುಂದೆ ಬಹಳ ಕಡೆ ‘ಪ್ರಸಿದ್ಧ ನಟಿಯರಿಂದ’ ಅಂತ ಒಂದೇ ಸಾಲು. ಆಯಮ್ಮ ಒಂದೊಂದನ್ನೂ ಕಣ್ಣ ಹತ್ರ ಹಿಡ್ಕೊಂಡು, ‘ಇದು ನಾನೇಯ. ಇದೂ ನಾನೇಯ’ ಅಂತ ಪಕ್ಕಕ್ಕೆ ಇಟ್ಕೊಂಡು ಹೋದ್ರು. ಹೆಸರು ಇದ್ದದ್ದು ಮೂರರಲ್ಲಿ. 

ಆ ಮೂರನ್ನ ಚನ್ನಪಟ್ಣಕ್ಕೆ ಕಳಿಸಿ ಜೆರಾಕ್ಸ್ ಮಾಡಿಸ್ಕೊಟ್ಟೆ. ಅವರು ಅಲ್ಲೇ ಕೂತು ನಮ್ಮ ಹುಡುಗನ ಕೈಲಿ ಒಂದು ಕಾಗದದ ಮೇಲೆ ನಾಲ್ಕು ಹೆಸರು ಬರೆಸಿದ್ರು, ತಮ್ಮ ಜೊತೆ ಕುಂತಿ, ಉತ್ತರೆ ಮಾಡ್ತಿದ್ದೋರದ್ದು. ಒಬ್ರು ಕನಕಪುರದಲ್ಲಿ ಅವ್ರಂತೆ, ಇಬ್ರು ಮಂಡ್ಯ, ಒಬ್ರು ಎಲ್ಲವ್ರೋ ಗೊತ್ತಿಲ್ಲ. ಅವರ ಹೆಸರೂ ಈ ಟ್ರಂಕಲ್ಲಿ ಐತಾ ನೋಡು, ಸಿಕ್ರೆ ಎತ್ತಿಡು, ನಾನು ತಿಳಿಸ್ತೀನಿ ಅಂದ್ರು. ಇಬ್ಬರದ್ದು ಸಿಕ್ಕೈತೆ, ಕವರಿಗೆ ಹಾಕಿ ಇಟ್ಟಿದೀನಿ.